ಆಟಿಕೆ ಕ್ಯಾಮೆರಾದ ಪರವಾಗಿ

ಮುರುಡೇಶ್ವರದಿಂದ ನೇತ್ರಾಣಿಗೆ ಹೊರಟ ದೋಣಿಯಲ್ಲಿ ಎದುರಿಗೆ ಕೂತಿದ್ದವರು ನನ್ನ ಕೈಯಲ್ಲಿದ್ದ ಹಳೇ ಪುಟ್ಟ ಕ್ಯಾಮೆರಾ ನೋಡಿ ನಕ್ಕರು. ‘ಈ ಆಟಿಕೇಲಿ ಏನು ಬರತ್ತೆ ಸಾರ್? ತಗೊಂಡ್ರೆ ಸರಿಯಾದ್ದೇ ತಗೋಬೇಕು, ಇಲ್ಲಾಂದ್ರೆ ಸುಮ್ನಿರಬೇಕು.’ ಅವರ ಕಾಲ ಬುಡದಲ್ಲಿ ಪ್ರೆಶರ್ ಕುಕ್ಕರಿನಷ್ಟು ದೊಡ್ಡ ಪೆಟ್ಟಿಗೆ, ಅದರ ಎರಡೂ ಪಕ್ಕಕ್ಕೆ ಏಡಿಯ ಕೈಗಳ ಹಾಗೆ ಚಾಚಿದ ಫ್ಲ್ಯಾಶುಗಳು. ಅವತ್ತು ಕೊಡದ ಉತ್ತರವನ್ನು ಈಗ ಕೊಡುತ್ತಿದ್ದೇನೆ.

‘ಸರಿಯಾದ್ದೇ ತಗೋಬೇಕು’ ಎನ್ನುವುದು ಸಲಹೆಯಲ್ಲ, ಬೇಲಿ. ವರ್ಷದ ಉಳಿತಾಯ ಸುರಿದು ಡೈವಿಂಗ್ ಕಲಿತ ಹುಡುಗ ಹುಡುಗಿಯರನ್ನು ಅದು ಆಚೆಯೇ ನಿಲ್ಲಿಸುತ್ತದೆ. ದೊಡ್ಡ ಕ್ಯಾಮೆರಾಕ್ಕೆ ತೊಡಿಸುವ ಜಲನಿರೋಧಕ ಕವಚದ ಬೆಲೆ ಎಷ್ಟೋ ಸಲ ಕ್ಯಾಮೆರಾವನ್ನೇ ಮೀರಿಸುತ್ತದೆ. ಆದರೆ ನೀರು ದುಡ್ಡಿನ ಮುಖ ನೋಡುವುದಿಲ್ಲ. ಅದು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯ. ಮೇಲಿನಿಂದ ಇಳಿದ ಬೆಳಕು ಮೀನಿಗೆ ತಾಗಿ ಮತ್ತೆ ನೀರಿನಲ್ಲೇ ಲೆನ್ಸಿನವರೆಗೆ ಬರಬೇಕಲ್ಲ! ಮೂರು ಮೀಟರ್ ಆಚೆಗಿನ ಮೀನು ಯಾವ ಕ್ಯಾಮೆರಾದಲ್ಲೂ ನೀಲಿಗಟ್ಟಿಯೇ ಬರುತ್ತದೆ. ಅಷ್ಟು ದೂರಕ್ಕೆ ಫ್ಲ್ಯಾಶ್ ಹೊಡೆದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು, ಚಿತ್ರದ ಮೇಲೆ ಮಂಡಕ್ಕಿ ಚೆಲ್ಲಿದಂತಿರುತ್ತದೆ. ಮದ್ದು ಒಂದೇ: ಒಂದು ಮೊಳದಷ್ಟು ಹತ್ತಿರ ಹೋಗುವುದು. ಅಷ್ಟು ಹತ್ತಿರಕ್ಕೆ ಸಾಧಾರಣ ಟಾರ್ಚ್ ಕೂಡ ಬಣ್ಣವನ್ನು ವಾಪಸು ತರುತ್ತದೆ. ಮಬ್ಬು ನೀರಿನಲ್ಲಿ ಓಡುವ ಮೀನಿಗೆ ದೊಡ್ಡ ಕ್ಯಾಮೆರಾವೇ ಮೇಲು, ಒಪ್ಪುತ್ತೇನೆ. ಹೊಸಬರು ಅಲ್ಲಿಂದ ಶುರುಮಾಡಬೇಕಾಗಿಲ್ಲ.

ಹತ್ತಿರ ಹೋಗುವುದಕ್ಕೆ ಬೇಕಾದ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ. ಮುಳುಗದೆ, ಮೇಲೇಳದೆ, ಉಸಿರಿನಿಂದಲೇ ನೀರಿನ ನಡುವೆ ತೂಗಿ ನಿಲ್ಲುವುದನ್ನು ಕಲಿಯಬೇಕು. ಎದೆ ತುಂಬ ಉಸಿರೆಳೆದರೆ ಮೆಲ್ಲಗೆ ಏರುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಚಿತ್ರ ತೆಗೆಯಲು ಉಸಿರು ಹಿಡಿಯುವಂತಿಲ್ಲ. ಹಿಡಿದುಕೊಂಡೇ ಮೇಲೇರಿದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನು ಹರಿಯಬಹುದು. ಇದು ಬರುವ ಮೊದಲೇ ನಾನು ಕ್ಯಾಮೆರಾ ಹಿಡಿದೆ. ನನ್ನ ನಾಲ್ಕನೇ ಡೈವಿನಲ್ಲಿ, ಪರದೆ ನೋಡುತ್ತ ನೋಡುತ್ತ ಕೆಳಗಿಳಿದದ್ದು ಗೊತ್ತೇ ಆಗಲಿಲ್ಲ. ಕಾಲಿನ ಫಿನ್ ಹವಳಕ್ಕೆ ಬಡಿದು, ಬೆರಳುದ್ದದ ಕೊಂಬೆಯೊಂದು ಮುರಿದು ಮರಳಿಗೆ ಬಿತ್ತು. ವರ್ಷಕ್ಕೆ ಒಂದು ಸೆಂಟಿಮೀಟರೂ ಬೆಳೆಯದ ಹವಳಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ಹುಲಿಯ ಸಾಲಿನಲ್ಲೇ ಜಾಗ. ಆ ಡೈವಿನ ಚಿತ್ರಗಳನ್ನು ಅಳಿಸಿದೆ. ಆಮೇಲಿನ ಹತ್ತು ಡೈವ್ ಬರಿಗೈ.

ಈಗ ದೋಣಿಯ ಆ ಸಜ್ಜನರ ಕಥೆ. ಕೆಳಗೆ ಹೋದಾಗ ಅವರ ಪೆಟ್ಟಿಗೆಯನ್ನು ಸಂಭಾಳಿಸಲು ಎರಡೂ ಕೈ ಸಾಲಲಿಲ್ಲ. ಮೊಣಕಾಲನ್ನು ಬಂಡೆಗೆ ಊರಿಕೊಂಡು ಚಿತ್ರ ತೆಗೆದರು. ಬಂಡೆ ಎಂದು ನಾನು ಅಂದೆನಷ್ಟೆ, ಅದರ ಮೇಲಿದ್ದದ್ದು ಜೀವ.

ಹಾಗಾದರೆ ಕೊಳ್ಳುವುದೇನು? ಸೆಕೆಂಡ್‌ ಹ್ಯಾಂಡ್ ಆಕ್ಷನ್ ಕ್ಯಾಮೆರಾ ಅಥವಾ ನೀರಿಗಿಳಿಯುವ ಕಾಂಪ್ಯಾಕ್ಟ್. ಗೋಪ್ರೋದ ಈಚಿನ ಹಲವು ಮಾದರಿಗಳು ಕವಚವಿಲ್ಲದೆ 10 ಮೀಟರ್, ಒಲಿಂಪಸ್ ಟಿಜಿ-6 15 ಮೀಟರ್ ತಾಳುತ್ತವೆ. ಹೊಸ ಡೈವರ್‌ಗೆ 18 ಮೀಟರ್‌ವರೆಗೆ ಇಳಿಯಲು ಅನುಮತಿ ಇರುವುದರಿಂದ ಕವಚ ಬೇಕೇ ಬೇಕು. ಕ್ಯಾಮೆರಾ ಇಡದೆ ಖಾಲಿ ಕವಚವನ್ನೇ ಮೊದಲು ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ. ಅದರ ರಬ್ಬರ್ ಬಳೆಗೆ ಒಂದು ಕೂದಲು ಅಂಟಿದರೂ ನೀರು ನುಗ್ಗುತ್ತದೆ. ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಇಟ್ಟರೆ ಗಾಜು ಮಂಜಾಗುವುದಿಲ್ಲ. ಮೇಲೆ ಬಂದ ಕೂಡಲೇ ಸಿಹಿನೀರಿನಲ್ಲಿ ನೆನೆಹಾಕಿ. ಕೈಗೊಂದು ದಾರವನ್ನಂತೂ ಮರೆಯಬೇಡಿ.

ಅವತ್ತು ಗಿಳಿಮೀನೊಂದು ಹವಳ ಕಡಿಯುತ್ತಿತ್ತು. ಅದು ತಾನಾಗಿ ಹತ್ತಿರ ಬರುವವರೆಗೆ ತೂಗಿಕೊಂಡೇ ಕಾದೆ. ಏಳು ಚಿತ್ರಗಳಲ್ಲಿ ಒಂದು ಸರಿಯಾಗಿ ಬಂತು. ವಾಪಸು ಬರುವಾಗ ದೋಣಿಯ ಹುಡುಗನಿಗೆ ತೋರಿಸಿದೆ. ಬಲೆ ಎಳೆಯುವ ಮನೆಯಲ್ಲಿ ಹುಟ್ಟಿದವನು. ಪರದೆಯನ್ನು ಬಿಸಿಲಿಗೆ ಮರೆಮಾಡಿ ಬಹಳ ಹೊತ್ತು ನೋಡಿದ.

‘ಈ ಮೀನು ನಂಗೆ ಗೊತ್ತು ಸಾರ್. ಬಲೇಲಿ ಸಿಗ್ತದೆ. ಜೀವ ಇದ್ದಾಗ ಇಷ್ಟು ಹಸಿರು ಇರ್ತದೆ ಅಂತ ಗೊತ್ತಿರ್ಲಿಲ್ಲ.’

ಎದುರಿನವರು ಇನ್ನೂ ಪೆಟ್ಟಿಗೆಯ ತಿರುಪು ಬಿಚ್ಚುತ್ತಿದ್ದರು.