ಗರ್ಭಪಾತದ ರಾಜಕಾರಣ ಮತ್ತು ಹೆಣ್ಣುಮಕ್ಕಳ ಆರೋಗ್ಯ
ರಾಜೂರ ಹಾಗೂ ಗಜೇಂದ್ರಗಡ, ರೋಣ, ನರಗುಂದ ಭಾಗದ ಓದುಗರಿಗೆ

ಭಾರತದಲ್ಲಿ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕು ಐವತ್ತು ವರ್ಷ ದಾಟಿದೆ. ಕೇಂದ್ರ ಸರ್ಕಾರ 1964ರಲ್ಲಿ ನೇಮಿಸಿದ ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟಿತು. ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಹೆಂಗಸರು ಸಾಯುವುದನ್ನು ತಡೆಯುವುದು ಅದರ ಹಿಂದಿನ ಮುಖ್ಯ ಕಾಳಜಿ. ಆ ವರದಿಯಿಂದ ಹುಟ್ಟಿದ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಎಂಟಿಪಿ ಕಾಯ್ದೆ, 1972ರ ಏಪ್ರಿಲ್ 1ರಂದು ಜಾರಿಗೆ ಬಂತು. ಆದರೂ ದೇಶದಲ್ಲಿ 2015ರಲ್ಲಿ ನಡೆದವೆಂದು ಸಂಶೋಧಕರು ಅಂದಾಜಿಸಿದ ಸುಮಾರು 1.56 ಕೋಟಿ ಗರ್ಭಪಾತಗಳಲ್ಲಿ ಆಸ್ಪತ್ರೆಗಳಲ್ಲಿ ಆದದ್ದು ಶೇ. 22 ಮಾತ್ರ. ಶೇ. 73ರಷ್ಟು ಆಸ್ಪತ್ರೆಯ ಹೊರಗೆ ಗುಳಿಗೆ ನುಂಗಿ ಆದವು. ಉಳಿದ ಶೇ. 5 ಅಪಾಯಕಾರಿ ವಿಧಾನಗಳಿಂದ ಆದವು.

ಕಾನೂನು ಇದ್ದೂ ಹೆಂಗಸರು ಆಸ್ಪತ್ರೆಯ ಮೆಟ್ಟಿಲು ಹತ್ತದಿರಲು ಕಾರಣ ಹಲವು. ಬಡತನ, ದೂರ, ನಾಚಿಕೆಗಳ ಜೊತೆಗೆ ಗರ್ಭಪಾತದ ಸುತ್ತ ನಡೆಯುವ ರಾಜಕಾರಣವೂ ಅವುಗಳಲ್ಲಿ ಒಂದು. ಆ ರಾಜಕಾರಣದಿಂದ ಗರ್ಭಪಾತ ನಿಲ್ಲುವುದಿಲ್ಲ. ಸುರಕ್ಷಿತ ಗರ್ಭಪಾತ ಮಾತ್ರ ದುರ್ಲಭವಾಗುತ್ತದೆ, ಅದರ ಜೊತೆ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದ ಇತರ ಆರೈಕೆಯೂ ತಪ್ಪುತ್ತದೆ. ಆದ್ದರಿಂದ ಈ ಸೇವೆಯನ್ನು ರಾಜಕೀಯದಿಂದ ಬಿಡಿಸಿ, ಹೆರಿಗೆ ಮತ್ತು ಬಾಣಂತನದ ಆರೈಕೆಯ ಹಾಗೆ ಸರ್ಕಾರಿ ಆಸ್ಪತ್ರೆಯ ನಿತ್ಯದ ಕೆಲಸವಾಗಿ ಉಳಿಸಬೇಕು ಎಂಬುದು ಈ ಕರಪತ್ರದ ವಾದ.

ಕಾನೂನು ಏನು ಹೇಳುತ್ತದೆ

ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿದೆ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಜೀವಕ್ಕೆ ಅಪಾಯ, ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ತೀವ್ರ ಧಕ್ಕೆ, ಅತ್ಯಾಚಾರ, ಭ್ರೂಣದ ಗಂಭೀರ ದೋಷ, ಗರ್ಭನಿರೋಧಕದ ವೈಫಲ್ಯ ಇವೆಲ್ಲ ಒಪ್ಪಿತ ಕಾರಣಗಳು. 20ರಿಂದ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನವರು, ಬಸುರಿಯಾಗಿದ್ದಾಗ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಅಂಗವಿಕಲರು ಮುಂತಾದವರಿಗೆ ಈ ಅವಕಾಶವಿದೆ. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರದ ನಂತರವೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ತಾಯಿಯ ಜೀವ ಉಳಿಸಲು ತಕ್ಷಣ ಬೇಕಾದರೆ ವಾರಗಳ ಮಿತಿ ಅನ್ವಯಿಸುವುದಿಲ್ಲ.

18 ವರ್ಷ ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಗಂಡ, ಅತ್ತೆ, ಮಾವ, ತವರಿನವರ ಸಹಿಯನ್ನು ಕಾನೂನು ಕೇಳುವುದಿಲ್ಲ. ಅಪ್ರಾಪ್ತೆಗೆ ಮತ್ತು ಮಾನಸಿಕ ಅಸ್ವಸ್ಥೆಗೆ ಮಾತ್ರ ಪೋಷಕರ ಒಪ್ಪಿಗೆ ಬೇಕು. ಗರ್ಭಪಾತ ಮಾಡಿಸಿಕೊಂಡವಳ ಹೆಸರು, ವಿವರ ಹೊರಹಾಕಿದವರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. 20ರಿಂದ 24 ವಾರದ ಅವಕಾಶದಲ್ಲಿ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು. ಕಾಯ್ದೆಯಲ್ಲಿ ಇಲ್ಲದ ಷರತ್ತುಗಳನ್ನು ವೈದ್ಯರು ಹೇರುವಂತಿಲ್ಲ ಎಂದೂ ಅದೇ ತೀರ್ಪು ಹೇಳಿದೆ.

ಬೆಳಗಾವಿಯ ಸವಿತಾ

ರಾಜಕಾರಣ ಹೆರಿಗೆ ವಾರ್ಡಿನೊಳಗೆ ಕಾಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕರ್ನಾಟಕದ ಹೆಣ್ಣುಮಗಳೊಬ್ಬಳ ಸಾವು ಜಗತ್ತಿಗೇ ಸಾಕ್ಷಿಯಾಯಿತು. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿದ್ದರು. 17 ವಾರದ ಬಸುರಿಯಾಗಿದ್ದ ಅವರು 2012ರ ಅಕ್ಟೋಬರ್ 21ರಂದು ನೋವೆಂದು ಆಸ್ಪತ್ರೆ ಸೇರಿದರು. ಗರ್ಭ ಉಳಿಯುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಾಗಿತ್ತು. ಗರ್ಭ ತೆಗೆಯಿರಿ ಎಂದು ಸವಿತಾ ಕೇಳಿದರೂ ಭ್ರೂಣದ ಎದೆಬಡಿತ ಇರುವತನಕ ಅಲ್ಲಿನ ಕಾನೂನು ಬಿಡುವುದಿಲ್ಲವೆಂಬ ಉತ್ತರ ಬಂತು. ನಂಜು ರಕ್ತಕ್ಕೇರಿ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಅವರ ವಯಸ್ಸು 31.

ಭ್ರೂಣಕ್ಕೂ ತಾಯಿಗೂ ಸಮಾನ ಜೀವಿಸುವ ಹಕ್ಕು ಕೊಟ್ಟಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯನ್ನು ಐರ್ಲೆಂಡಿನ ಜನ 2018ರ ಮೇ 25ರ ಜನಮತದಲ್ಲಿ ಶೇ. 66.4 ಮತಗಳಿಂದ ಕಿತ್ತುಹಾಕಿದರು. ಸವಿತಾ ಕೇಳಿದ್ದು ಕೈತಪ್ಪುತ್ತಿದ್ದ ಗರ್ಭಕ್ಕೆ ಚಿಕಿತ್ಸೆ. ಗರ್ಭಪಾತಕ್ಕೆ ಹಾಕಿದ ಬೇಲಿ, ಮಗು ಬೇಕೆಂದು ಕಾಯುತ್ತಿದ್ದ ತಾಯಿಯ ಚಿಕಿತ್ಸೆಗೂ ಅಡ್ಡವಾಯಿತು.

ಹಣಕ್ಕೆ ಕಟ್ಟಿದ ಷರತ್ತು

ಈ ರಾಜಕಾರಣ ನೆರವಿನ ಹಣದ ದಾರಿಯಲ್ಲೂ ಬರುತ್ತದೆ. ಅಮೆರಿಕದ ವಿದೇಶಿ ನೆರವನ್ನು ಕುಟುಂಬ ಯೋಜನೆಯ ವಿಧಾನವಾಗಿ ಗರ್ಭಪಾತಕ್ಕೆ ಬಳಸುವಂತಿಲ್ಲ ಎಂಬ ನಿಯಮ 1973ರಿಂದಲೇ ಇದೆ. 1984ರಲ್ಲಿ ರೇಗನ್ ಸರ್ಕಾರ ಮೆಕ್ಸಿಕೊ ಸಿಟಿಯ ಜನಸಂಖ್ಯಾ ಸಮ್ಮೇಳನದಲ್ಲಿ ಅದಕ್ಕಿಂತ ಕಠಿಣ ಷರತ್ತು ಘೋಷಿಸಿತು. ನೆರವು ಪಡೆಯುವ ಬೇರೆ ದೇಶದ ಸ್ವಯಂಸೇವಾ ಸಂಸ್ಥೆ ಬೇರೆ ಮೂಲದ ಹಣದಿಂದಲೂ ಗರ್ಭಪಾತ ಸೇವೆ ಕೊಡಬಾರದು, ಆ ಬಗ್ಗೆ ಸಲಹೆ ಹೇಳಬಾರದು, ಕಾನೂನು ಸಡಿಲಿಸಿ ಎಂದು ಒತ್ತಾಯಿಸಬಾರದು. ಅತ್ಯಾಚಾರ, ಜೀವಾಪಾಯದಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಈ ಷರತ್ತನ್ನು 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ತೆಗೆದರು, 2001ರಲ್ಲಿ ಬುಷ್ ತಂದರು, 2009ರಲ್ಲಿ ಒಬಾಮ ತೆಗೆದರು. 2017ರಲ್ಲಿ ಟ್ರಂಪ್ ಅದನ್ನು ಮತ್ತೆ ತಂದು ಜಾಗತಿಕ ಆರೋಗ್ಯ ನೆರವಿಗೆಲ್ಲ ವಿಸ್ತರಿಸಿದರು. 2021ರಲ್ಲಿ ಬೈಡನ್ ರದ್ದು ಮಾಡಿದ್ದು 2025ರ ಜನವರಿಯಲ್ಲಿ ಮತ್ತೆ ಜಾರಿಯಾಯಿತು.

1952ರಲ್ಲಿ ಮುಂಬೈಯಲ್ಲಿ ಹುಟ್ಟಿದ, ಕುಟುಂಬ ಯೋಜನಾ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಪಿಪಿಎಫ್ ಈ ಷರತ್ತಿಗೆ ಸಹಿ ಹಾಕದೆ ಅಮೆರಿಕದ ನೆರವನ್ನು ಬಿಟ್ಟುಕೊಟ್ಟಿತು. ಧಾರವಾಡದಲ್ಲಿ ಶಾಖೆಯಿರುವ, 1949ರಲ್ಲಿ ಸ್ಥಾಪನೆಯಾದ ಭಾರತೀಯ ಕುಟುಂಬ ಯೋಜನಾ ಸಂಘ ಅದೇ ಒಕ್ಕೂಟದ ಸದಸ್ಯ ಸಂಸ್ಥೆ. ಇಂಥ ಸಂಸ್ಥೆಗಳಲ್ಲಿ ಕಾಪರ್-ಟಿ ಹಾಕುವ ಕೋಣೆ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ, ಗರ್ಭಪಾತದ ಸಲಹೆ ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ಒಂದರ ಹೆಸರಿನಲ್ಲಿ ಹಣ ನಿಂತರೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಆಫ್ರಿಕಾದ 26 ದೇಶಗಳ ಅಂಕಿಅಂಶಗಳ ಮೇಲೆ 2019ರಲ್ಲಿ ಪ್ರಕಟವಾದ ಅಧ್ಯಯನ ಇದರ ಪರಿಣಾಮ ಅಳೆದಿದೆ. ಷರತ್ತು ಜಾರಿಯಲ್ಲಿದ್ದ ಕಾಲದಲ್ಲಿ, ಅಮೆರಿಕದ ನೆರವನ್ನು ಹೆಚ್ಚು ನೆಚ್ಚಿಕೊಂಡ ದೇಶಗಳಲ್ಲಿ ಗರ್ಭಪಾತದ ಪ್ರಮಾಣ ಉಳಿದ ದೇಶಗಳಿಗೆ ಹೋಲಿಸಿದರೆ ಸುಮಾರು ಶೇ. 40ರಷ್ಟು ಏರಿತ್ತು. ಗರ್ಭನಿರೋಧಕಗಳ ಬಳಕೆ ಇಳಿದಿತ್ತು. ನಿರೋಧಕ ಸಿಗದಿದ್ದರೆ ಬೇಡದ ಬಸಿರು ಹೆಚ್ಚುತ್ತದೆ. ಬೇಡದ ಬಸಿರು ಹೆಚ್ಚಿದರೆ ಗರ್ಭಪಾತವೂ ಹೆಚ್ಚುತ್ತದೆ.

ಅಮೆರಿಕದೊಳಗೂ ಇದೇ ಕತೆ. ಸ್ತನ ಕ್ಯಾನ್ಸರಿನ ದೊಡ್ಡ ಧರ್ಮಾರ್ಥ ಸಂಸ್ಥೆಯಾದ ಸುಸಾನ್ ಜಿ. ಕೋಮೆನ್, ಗರ್ಭಪಾತ ಸೇವೆಯನ್ನೂ ಕೊಡುವ ಪ್ಲಾನ್ಡ್ ಪೇರೆಂಟ್‌ಹುಡ್ ಸಂಸ್ಥೆಗೆ ಸ್ತನ ತಪಾಸಣೆಗೆಂದು ಕೊಡುತ್ತಿದ್ದ ಹಣವನ್ನು ನಿಲ್ಲಿಸಲು ಹೊರಟದ್ದು 2012ರ ಆರಂಭದಲ್ಲಿ ಬಯಲಾಯಿತು. ಜನರ ಆಕ್ರೋಶಕ್ಕೆ ಮಣಿದು ಕೆಲವೇ ದಿನಗಳಲ್ಲಿ ನಿರ್ಧಾರ ಬದಲಿಸಿತು.

ಭಾರತದಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಗರ್ಭಪಾತದ ಮೇಲೆ ಕಣ್ಣಿಟ್ಟು ಬಂದದ್ದಲ್ಲ. ಆದರೆ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ ಎಂದಾದ ಮೇಲೆ, ದೊಡ್ಡ ಸಂಸ್ಥೆಗಳ ಆಸರೆಯಲ್ಲಿದ್ದ ಸಣ್ಣ ಸಂಸ್ಥೆಗಳಿಗೆ ದಾರಿ ಇಕ್ಕಟ್ಟಾಗಿದೆ. ದಾನದ ಹಣ ಹೀಗೆ ಇಂದು ಬಂದು ನಾಳೆ ನಿಲ್ಲಬಹುದಾದ್ದು. ಆದ್ದರಿಂದ ಬಡ ಹೆಣ್ಣುಮಕ್ಕಳ ಆರೈಕೆಯ ಹೊಣೆ ಸರ್ಕಾರದ್ದೇ ಆಗಿರಬೇಕು.

ಎರಡು ಕಾಯ್ದೆ, ಒಂದು ಗೊಂದಲ

ಕರ್ನಾಟಕದಲ್ಲಿ ಗರ್ಭಪಾತದ ಮಾತು ಬಂದಾಗಲೆಲ್ಲ ಹೆಣ್ಣುಭ್ರೂಣ ಹತ್ಯೆಯ ಮಾತೂ ಬರುತ್ತದೆ. ಆ ಆತಂಕ ನ್ಯಾಯವಾದದ್ದು. ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ 2022ರ ಜೂನ್‌ನಲ್ಲಿ ಏಳು ಭ್ರೂಣಗಳು ಚರಂಡಿಯ ಬಳಿ ಸಿಕ್ಕವು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಭೇದಿಸಿದರು. ಇದನ್ನು ತಡೆಯಲೆಂದೇ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ಇದೆ. ಅದು ನಿಷೇಧಿಸಿರುವುದು ಲಿಂಗ ಆಯ್ಕೆ ಮತ್ತು ಲಿಂಗ ಪತ್ತೆಯನ್ನು.

ಆದರೆ ದಾಳಿ, ತಪಾಸಣೆ ಬಿಗಿಯಾದಾಗ ವೈದ್ಯರೂ ಔಷಧ ಅಂಗಡಿಯವರೂ ತಂಟೆಯೇ ಬೇಡವೆಂದು ಕಾನೂನುಬದ್ಧ ಸೇವೆಯಿಂದಲೂ ಹಿಂದೆ ಸರಿಯುತ್ತಾರೆ. ಗುಳಿಗೆಯಿಂದ ಗರ್ಭಪಾತ ಮಾಡಿಸಲು ನಿಯಮದಲ್ಲಿರುವ ಮಿತಿ 9 ವಾರ. ಅಷ್ಟು ಎಳೆಯ ಗರ್ಭದ ಲಿಂಗ ಸ್ಕ್ಯಾನಿಂಗ್‌ನಲ್ಲಿ ಖಚಿತವಾಗಿ ತಿಳಿಯುವುದೇ ಇಲ್ಲ. ಹೀಗಿರುವಾಗ ಆ ಗುಳಿಗೆಗೆ ತಡೆಯೊಡ್ಡುವುದರಿಂದ ಒಂದು ಹೆಣ್ಣುಭ್ರೂಣವೂ ಉಳಿಯದು. ವೈದ್ಯರ ಚೀಟಿ ಹಿಡಿದು ಬಂದ ಹೆಂಗಸು ಬರಿಗೈಲಿ ಮರಳುತ್ತಾಳೆ, ತಿಂಗಳು ಕಳೆದ ಮೇಲೆ ಇನ್ನೂ ಅಪಾಯದ ದಾರಿ ಹಿಡಿಯುತ್ತಾಳೆ. ಹೆಣ್ಣುಮಗು ಬೇಡವೆನ್ನುವ ಮನಸ್ಸಿನ ಬೇರು ವರದಕ್ಷಿಣೆಯಲ್ಲಿ, ಆಸ್ತಿಯ ಹಂಚಿಕೆಯಲ್ಲಿ, ಗಂಡು ಹೆರಲೇಬೇಕೆಂಬ ಒತ್ತಾಯದಲ್ಲಿದೆ. ಕೀಳಬೇಕಾದದ್ದು ಆ ಬೇರನ್ನು.

ರಾಜೂರಿನಿಂದ ಆಸ್ಪತ್ರೆಗೆ

ರಾಜೂರಿನ ಹೆಂಗಸಿಗೆ ಹತ್ತಿರದ ಪಟ್ಟಣ ಗಜೇಂದ್ರಗಡ. ಅಲ್ಲಿ ಸೇವೆ ಸಿಗದಿದ್ದರೆ ರೋಣದ ತಾಲೂಕು ಆಸ್ಪತ್ರೆ, ಅದೂ ಆಗದಿದ್ದರೆ ಗದಗಿನ ಜಿಲ್ಲಾ ಆಸ್ಪತ್ರೆ. ಗದಗ ಗಜೇಂದ್ರಗಡದಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಕೂಲಿಗೆ ಹೋಗುವವಳಿಗೂ ಮಗ್ಗದ ಕೆಲಸದವಳಿಗೂ ಇಷ್ಟು ದೂರದ ಓಡಾಟವೆಂದರೆ ದಿನದ ದುಡಿಮೆಯ ನಷ್ಟ, ಬಸ್ಸಿನ ಖರ್ಚು, ಮನೆಯವರ ನೂರು ಪ್ರಶ್ನೆ. ಹೋದ ದಿನ ವೈದ್ಯರು ಇಲ್ಲ, ಗಂಡನ ಸಹಿ ತನ್ನಿ, ಮುಂದಿನ ವಾರ ಬನ್ನಿ ಎಂಬ ಮಾತು ಕೇಳಿದರೆ ಅವಳು ಮತ್ತೆ ಹೋಗಲಾರಳು. ಎಂಟನೇ ವಾರದಲ್ಲಿ ಗುಳಿಗೆಯಿಂದ ಮುಗಿಯುತ್ತಿದ್ದ ಕೆಲಸ ಹದಿನಾಲ್ಕನೇ ವಾರಕ್ಕೆ ಶಸ್ತ್ರಚಿಕಿತ್ಸೆಯಾಗುತ್ತದೆ.

ತಪಾಸಣೆಯಿಲ್ಲದೆ ಗುಳಿಗೆ ನುಂಗುವುದರಲ್ಲಿ ಅಪಾಯವಿದೆ. ಗರ್ಭವು ಅಂಡನಾಳದಲ್ಲಿ ಕಟ್ಟಿದ್ದರೆ ಗುಳಿಗೆಯಿಂದ ಅದು ಹೋಗುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಕುತ್ತು. ವಿಪರೀತ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ತಾಳಲಾರದ ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭ ಹೇಗೇ ಹೋಗಿದ್ದರೂ ಚಿಕಿತ್ಸೆ ಕೊಡುವುದು ಆಸ್ಪತ್ರೆಯ ಕರ್ತವ್ಯ.

ಆಗಬೇಕಾದದ್ದು

1. ಗಜೇಂದ್ರಗಡ, ರೋಣ, ನರಗುಂದದ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಪಾತ ಸೇವೆಗೆ ಗೊತ್ತಾದ ದಿನವೂ ತರಬೇತಾದ ವೈದ್ಯರೂ ಇರಬೇಕು. ಸರ್ಕಾರಿ ಆಸ್ಪತ್ರೆಗೆ ಕಾಯ್ದೆಯಡಿ ಸ್ಥಳದ ಪ್ರತ್ಯೇಕ ಅನುಮೋದನೆ ಬೇಕಿಲ್ಲ.
2. ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗೋಪ್ಯತೆ ಕಾಯಲಾಗುವುದು ಎಂಬ ಕನ್ನಡ ಫಲಕ ಹೊರರೋಗಿ ವಿಭಾಗದ ಎದುರು ಇರಬೇಕು.
3. ಲಿಂಗ ಪತ್ತೆ ತಡೆಯುವ ಅಧಿಕಾರಿಗಳು ಎರಡೂ ಕಾಯ್ದೆಗಳ ವ್ಯತ್ಯಾಸವನ್ನು ಔಷಧ ಅಂಗಡಿಗಳಿಗೆ ಲಿಖಿತವಾಗಿ ತಿಳಿಸಬೇಕು.
4. ಗರ್ಭನಿರೋಧಕಗಳು ಉಪಕೇಂದ್ರದಲ್ಲಿ ವರ್ಷವಿಡೀ ಸಿಗಬೇಕು. ಗಂಡಸರೂ ಆ ಹೊಣೆ ಹೊರಬೇಕು.
5. ಆಶಾ ಕಾರ್ಯಕರ್ತೆಯರಿಗೆ ಈ ಕಾನೂನಿನ ತಿಳಿವಳಿಕೆ ಕೊಡಬೇಕು. ಮಾಹಿತಿ ಹೇಳಿದ್ದಕ್ಕೆ ಯಾರೂ ಅವರನ್ನು ಗದರಿಸಬಾರದು.
6. ಸ್ವಯಂಸೇವಾ ಸಂಸ್ಥೆಯ ನೆರವು ನಿಂತರೂ ಸೇವೆ ನಿಲ್ಲದಂತೆ ರಾಜ್ಯ ಬಜೆಟ್ಟಿನಲ್ಲೇ ಹಣ ಇಡಬೇಕು.