ಗಾಳದ ತುದಿಯ ಬಲಾಬಲ

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ದೊಡ್ಡದೊಂದು ವಾಗ್ಯುದ್ಧ ನಡೆಯಿತು. ವಿಷಯ ರಾಜಕೀಯವಲ್ಲ, ಪರೀಕ್ಷೆಯ ಫಲಿತಾಂಶವೂ ಅಲ್ಲ. ಗಾಳಕ್ಕೆ ಸಿಕ್ಕ ಮೇಲೆ ಯಾವ ಮೀನು ಎಲ್ಲಕ್ಕಿಂತ ಬಲವಾಗಿ ಹೋರಾಡುತ್ತದೆ ಎಂಬುದು. ಕೋಲಾರದ ಗೆಳೆಯನು ಕೆರೆಯ ಕೊರವನ ಪಕ್ಷ ಹಿಡಿದನು. ಹೊಸಪೇಟೆಯವನು ತುಂಗಭದ್ರೆಯ ಬಾಳೆ ಮೀನಿನ ಮುಂದೆ ಉಳಿದವೆಲ್ಲ ತೃಣಸಮಾನವೆಂದನು. ಮಲೆನಾಡಿನವನು ತನ್ನ ಸೀಮೆಯ ಹರಗಿಯನ್ನು, ಎಂದರೆ ಮಹಸೀರನ್ನು, ಸಿಂಹಾಸನದ ಮೇಲೆ ಕೂರಿಸಿದನು. ಶೃಂಗೇರಿಯ ಸ್ನಾನಘಟ್ಟದಲ್ಲಿ ಮಂಡಕ್ಕಿ ಎಸೆದದ್ದನ್ನು ಬಿಟ್ಟರೆ ಅವನಿಗೂ ಆ ಮೀನಿಗೂ ಬೇರೆ ಪರಿಚಯವಿರಲಿಲ್ಲ. ಆದರೂ ಅವನ ಧ್ವನಿಯೇ ಎಲ್ಲರಿಗಿಂತ ದೊಡ್ಡದಾಗಿತ್ತು.

ನಾನು ಮಳವಳ್ಳಿ ತಾಲ್ಲೂಕಿನವನು, ಕಾವೇರಿಯ ಸಮೀಪದವನು. ಸಹಜವಾಗಿಯೇ ನಾನೂ ಬಿಳಿ ಮೀನಿನ ಪರವಾಗಿ ಕೂಗಾಡಿದೆ. ನಮ್ಮ ಕಡೆ ಮಹಸೀರಿಗೆ ಬಿಳಿ ಮೀನೆಂದು ಹೆಸರು. ಆದರೆ ಆ ರಾತ್ರಿ ಹಾಸಿಗೆಯಲ್ಲಿ ಮಲಗಿ ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ನಮ್ಮಲ್ಲಿ ಒಬ್ಬರೂ ಎರಡು ಮೀನುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿ ಮಾತನಾಡಿರಲಿಲ್ಲ. ಒಬ್ಬನು ನಿಂತ ನೀರಿನ ಮೀನನ್ನೂ ಇನ್ನೊಬ್ಬನು ಹರಿಯುವ ನೀರಿನ ಮೀನನ್ನೂ, ಒಬ್ಬನು ಎರಡು ಕಿಲೋದ್ದನ್ನೂ ಇನ್ನೊಬ್ಬನು ಇಪ್ಪತ್ತು ಕಿಲೋದ್ದನ್ನೂ ಹೋಲಿಸಿ ತೀರ್ಪು ಕೊಟ್ಟಿದ್ದೆವು. ಈ ಲೇಖನ ಆ ರಾತ್ರಿಯ ನನ್ನ ಕೂಗಾಟಕ್ಕೆ ಒಂದು ಪ್ರಾಯಶ್ಚಿತ್ತವೆಂದು ಸಹಪಾಠಿಗಳು ತಿಳಿಯಬೇಕಾಗಿ ಕೋರುತ್ತೇನೆ.

ಮೊದಲು ಒಂದೊಂದು ಮೀನಿನ ಹೋರಾಟದ ರೀತಿಯನ್ನು ನೋಡೋಣ. ಕೊರವನು ಹೊಂಚುಗಾರ. ಜೊಂಡಿನ ಮರೆಯಲ್ಲಿ ಕದಲದೆ ಕಾದಿದ್ದು, ಕಪ್ಪೆ ಮುಂದೆ ಬಂದೊಡನೆ ಸಿಡಿಯುತ್ತಾನೆ. ಗಾಳವನ್ನು ಕಚ್ಚುವಾಗಲೂ ಅದೇ ರೋಷ. ಆದರೆ ಆ ರೋಷ ಬಹಳ ಹೊತ್ತಿನದಲ್ಲ. ಜೊಂಡಿನೊಳಗೆ ನುಗ್ಗಿ ದಾರವನ್ನು ಸುತ್ತಿಸಲು ಸಾಧ್ಯವಾದರೆ ಗೆದ್ದ, ಇಲ್ಲವಾದರೆ ಬೇಗ ಸೋತ. ಬಾಳೆ ಮೀನು ಉದ್ದ ಮೈಯ ದೊಡ್ಡ ಬಾಯಿಯ ಪ್ರಾಣಿ. ಅದರ ಮೊದಲ ಓಟ ಭಯಂಕರ. ಬಳಿಕ ಭಾರವೇ ಹೆಚ್ಚು, ಹೋರಾಟ ಕಡಿಮೆ. ರೋಹು ಗಟ್ಟಿ ಓಟಗಾರ. ಕಾಟ್ಲಾ ಮಂದಗತಿಯ ಗಜ. ಇನ್ನು ಅಂಗೈಯಗಲದ ಜಿಲೇಬಿ ಮೀನು ತನ್ನ ಚಪ್ಪಟೆ ಪಕ್ಕೆಯನ್ನು ನೀರಿಗೆ ಅಡ್ಡ ಹಿಡಿದು ಸುತ್ತು ಹೊಡೆಯುವಾಗ, ಕಾಣದವನಿಗೆ ಅದು ಮೂರು ಪಟ್ಟು ದೊಡ್ಡ ಮೀನೆಂದೇ ಭ್ರಮೆ.

ಮಹಸೀರಿನದು ಬೇರೆಯೇ ಕಥೆ. ಗಾಳ ಚುಚ್ಚಿದ ಕ್ಷಣದಲ್ಲಿ ಅದು ಸೆಳವಿನೊಡನೆ ಕೆಳಮುಖವಾಗಿ ಓಡುವ ಓಟಕ್ಕೆ ರೀಲಿನ ದಾರವೆಲ್ಲ ಬರಿದಾಗುವುದುಂಟು. ಅನಂತರ ಬಂಡೆಗಳ ಸಂದಿನಲ್ಲಿ ಹೊಕ್ಕು ಮುನಿಸಿಕೊಂಡು ಕೂರುತ್ತದೆ. ಇಂಗ್ಲೆಂಡಿನವರಿಗೆ ತಮ್ಮ ಸ್ಯಾಮನ್ ಮೀನೇ ಗಾಳದ ಆಟಕ್ಕೆ ಶ್ರೇಷ್ಠವೆಂಬ ಹೆಮ್ಮೆಯಿತ್ತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು 1873ರಲ್ಲಿ ಭಾರತದ ಗಾಳದ ಬೇಟೆಯನ್ನು ಕುರಿತ ತಮ್ಮ ಪುಸ್ತಕವನ್ನು ಮಂಗಳೂರಿನಲ್ಲೇ ಅಚ್ಚು ಹಾಕಿಸಿ, ಮಹಸೀರು ಸ್ಯಾಮನ್ನಿಗಿಂತ ಮಿಗಿಲೆಂದು ವಾದಿಸಿದರು. ಈ ಮೀನಿನ ಕೀರ್ತಿ ಲೋಕದಲ್ಲಿ ಹಬ್ಬಲು ಆ ಪುಸ್ತಕ ದೊಡ್ಡ ಕಾರಣ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡು ತೂಕದ ಮಹಸೀರನ್ನು ಹಿಡಿದ ಮೇಲೆ ಕಾವೇರಿಯ ಮೀನಿಗೆ ಎದುರಾಳಿಯೇ ಇಲ್ಲವೆಂಬ ಮಾತು ಇನ್ನೂ ಬಲವಾಯಿತು.

ಈ ಕೀರ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಲ್ಲಿ ಮೀನಿನ ಪಾಲೆಷ್ಟು, ಉಳಿದವರ ಪಾಲೆಷ್ಟು ಎಂದು ಕೇಳಬಾರದೇಕೆ?

ಮೊದಲನೆಯ ಪಾಲುದಾರ ನಮ್ಮ ಕೈಯಲ್ಲಿರುವ ಕೋಲು. ಭೌತಶಾಸ್ತ್ರದಲ್ಲಿ ಸನ್ನೆಯ ತತ್ತ್ವವನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂಬತ್ತು ಅಡಿಯ ಕೋಲನ್ನು ಬುಡದಲ್ಲಿ ಹಿಡಿದಾಗ, ತುದಿಯಲ್ಲಿ ಮೀನು ಎಳೆಯುವ ಬಲ ಮಣಿಕಟ್ಟಿನ ಮೇಲೆ ಹಲವು ಪಟ್ಟು ಭಾರವಾಗಿ ಬೀಳುತ್ತದೆ. ಇಲ್ಲಿ ಸನ್ನೆ ಕೆಲಸ ಮಾಡುವುದು ಮೀನಿನ ಪರವಾಗಿ, ನಮ್ಮ ಪರವಾಗಿ ಅಲ್ಲ. ದಸರೆಯ ರಜೆಯಲ್ಲಿ ನಾನು ಊರಿನ ಕೆರೆಯಲ್ಲಿ ಒಂದು ಸ್ಪ್ರಿಂಗ್ ತ್ರಾಸಿಗೆ ದಾರ ಕಟ್ಟಿ ಕೋಲಿಲ್ಲದೆ ಪರೀಕ್ಷಿಸಿದೆ. ಕೋಲಿನಲ್ಲಿ ಹಿಡಿದಾಗ ಹತ್ತು ಕಿಲೋ ಎಳೆತವೆಂದು ಆಣೆಯಿಟ್ಟು ಹೇಳುತ್ತಿದ್ದ ಎರಡು ಕಿಲೋ ರೋಹು, ತ್ರಾಸಿನ ಮುಳ್ಳನ್ನು ಎರಡರ ಗೆರೆಯಾಚೆ ದಾಟಿಸಲಿಲ್ಲ. ಅರ್ಧ ಕಿಲೋ ಇಲ್ಲದ ಜಿಲೇಬಿಯಾದರೋ ತನ್ನ ತೂಕಕ್ಕಿಂತ ಹೆಚ್ಚೇ ಎಳೆಯಿತು. ಒಂದೆರಡು ಮೀನುಗಳಿಂದ ಸಿದ್ಧಾಂತ ಹುಟ್ಟುವುದಿಲ್ಲ, ನಿಜ. ಆದರೆ ನನ್ನ ಅಹಂಕಾರ ಇಳಿಯಲು ಅಷ್ಟು ಸಾಕಾಯಿತು.

ಚಿಕ್ಕ ಮೀನು ತೂಕಕ್ಕೆ ಮೀರಿ ಎಳೆಯುವುದಕ್ಕೂ ಕಾರಣವುಂಟು. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದ್ದರೆ ಮೈತೂಕ ಗಾತ್ರವನ್ನು ಅವಲಂಬಿಸಿದೆ. ಒಂದೇ ಆಕಾರದ ಮೀನು ಎರಡರಷ್ಟು ಉದ್ದವಾದರೆ ತೂಕ ಎಂಟು ಪಟ್ಟು ಹೆಚ್ಚುತ್ತದೆ, ಬಲ ಮಾತ್ರ ಸುಮಾರು ನಾಲ್ಕು ಪಟ್ಟು. ಇರುವೆ ತನಗಿಂತ ಭಾರವಾದ ಕಾಳನ್ನು ಹೊರುವುದೂ ಆನೆಗೆ ಅದು ಆಗದಿರುವುದೂ ಇದರಿಂದಲೇ. ಆದ್ದರಿಂದ ಕಿಲೋವಿಗೆ ಇಷ್ಟು ಬಲವೆಂದು ಲೆಕ್ಕ ಹಾಕಿದರೆ ದೊಡ್ಡ ಮೀನು ಸೋಲುತ್ತದೆ. ಒಟ್ಟು ಬಲವೆಂದರೆ ಚಿಕ್ಕದು ಸೋಲುತ್ತದೆ. ಯಾವ ಲೆಕ್ಕವೆಂದು ಮೊದಲೇ ಹೇಳದೆ ವಾದಿಸುವವರು ಇಡೀ ರಾತ್ರಿ ವಾದಿಸಬಹುದು. ನಾವು ಮಾಡಿದ್ದೂ ಅದನ್ನೇ.

ಎರಡನೆಯ ಪಾಲುದಾರ ಮೀನಿನ ಮೈಯೊಳಗೇ ಇದೆ. ರೋಹುವನ್ನು ಹೆಚ್ಚುವಾಗ ಪಕ್ಕೆಯ ಉದ್ದಕ್ಕೂ ಕಂದು ಬಣ್ಣದ ಒಂದು ಪಟ್ಟಿ ಕಾಣುತ್ತದೆ. ಉಳಿದ ಮಾಂಸ ಬಿಳಿ. ಕಂದು ಪಟ್ಟಿ ಪ್ರಾಣವಾಯುವನ್ನು ಬಳಸಿಕೊಂಡು ದಿನವಿಡೀ ಈಜಲು ನೆರವಾಗುವ ಸ್ನಾಯು. ಬಿಳಿಯದು ಸಂಕಟಕಾಲದ ಸ್ನಾಯು. ಕೂಡಿಟ್ಟ ಶಕ್ತಿಯನ್ನು ಪ್ರಾಣವಾಯುವಿಲ್ಲದೆಯೇ ಒಮ್ಮೆಗೆ ಖರ್ಚು ಮಾಡಿ, ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ಬಳಲುತ್ತದೆ. ಗಾಳಕ್ಕೆ ಸಿಕ್ಕ ಮೀನು ನಡೆಸುವ ಹೋರಾಟ ಬಹುಪಾಲು ಈ ಬಿಳಿ ಸ್ನಾಯುವಿನದು. ಖರ್ಚಾದ ಬಂಡವಾಳ ಮತ್ತೆ ಕೂಡಲು ಗಂಟೆಗಳೇ ಬೇಕು. ಕೊರವನು ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲವನಾದರೂ ಬೇಗ ಸೋಲುವುದು ಇದೇ ಕಾರಣಕ್ಕೆ: ಅವನ ದೇಹ ಒಂದು ಸಿಡಿತಕ್ಕಾಗಿ ಕಟ್ಟಿದ್ದು, ಓಟದ ಪಂದ್ಯಕ್ಕಲ್ಲ. ನಾವು ಆಟವೆಂದು ಹೊಗಳುವುದು ಮೀನಿನ ಪಾಲಿಗೆ ಇದ್ದಬದ್ದ ಗಂಟನ್ನೆಲ್ಲ ಚೆಲ್ಲಿ ಪ್ರಾಣ ಉಳಿಸಿಕೊಳ್ಳುವ ಯತ್ನ ಎಂಬುದನ್ನೂ ಇಲ್ಲಿ ನೆನೆಯಬೇಕು. ಬಿಟ್ಟುಬಿಡುವ ಉದ್ದೇಶದಿಂದ ಹಿಡಿಯುವವರು ಸಣ್ಣ ದಾರದಲ್ಲಿ ಗಂಟೆಗಟ್ಟಲೆ ಆಡಿಸುವುದನ್ನು ಜಾಣತನವೆಂದು ನಾನು ಒಪ್ಪಲಾರೆ.

ಮೂರನೆಯ ಪಾಲುದಾರ ಹೊಳೆ. ನಮ್ಮ ದೊಡ್ಡಪ್ಪನವರು ಮೀನು ಹಿಡಿಯುವ ಆಟಕ್ಕೆ ಅನುಮತಿಯಿದ್ದ ಕಾಲದಲ್ಲಿ ಕಾವೇರಿಯಲ್ಲಿ ತೆಪ್ಪ ನಡೆಸುತ್ತಿದ್ದವರು. ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ, ಎಲ್ಲಿಂದಲೋ ಬಂದ ದೊರೆಗಳಿಗೆ ಮಡುವಿನ ಗುಟ್ಟು ತೋರಿಸುತ್ತಿದ್ದವರು. ನನ್ನ ತ್ರಾಸಿನ ಪರೀಕ್ಷೆಯನ್ನು ಕೇಳಿ ಅವರು ನಕ್ಕರು. “ಮೀನ್ನ ತೂಕಕ್ಕೆ ಹಾಕ್ಬೋದು ಕಣ್ಲಾ ಮಗ, ಹೊಳೆನ ತೂಕಕ್ಕೆ ಹಾಕಕ್ಕಾಯ್ತದಾ?” ಎಂದರು. ಎಷ್ಟು ಸತ್ಯವಾದ ಮಾತು! ನೀರಿನ ವೇಗ ಎರಡರಷ್ಟಾದರೆ ಅದು ಅಡ್ಡಬಂದ ವಸ್ತುವನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಸೆಳವಿಗೆ ಪಕ್ಕೆಯೊಡ್ಡಿದ ಮೀನಿನ ಬಲಕ್ಕೆ ಕಾವೇರಿಯ ಬಲವೂ ಸೇರಿಕೊಂಡು ನಮ್ಮ ಕೈಯನ್ನು ಎಳೆಯುತ್ತದೆ. ಅದೇ ಮೀನನ್ನು ನಮ್ಮೂರ ಕೆರೆಗೆ ಬಿಟ್ಟು ಹಿಡಿದರೆ ಅದರ ಬಿರುದುಗಳಲ್ಲಿ ಕೆಲವನ್ನಾದರೂ ನದಿಗೆ ಹಿಂದಿರುಗಿಸಬೇಕಾದೀತು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದು ಊಟದ ಮನೆಯ ವಿನೋದಕ್ಕೆ ಉತ್ತರವಾಗಿ ಮುಗಿಯುತ್ತಿತ್ತು. ಆದರೆ ದೊಡ್ಡಪ್ಪನವರು ಆ ಸಂಜೆ ಇನ್ನೊಂದು ಮಾತು ಹೇಳಿದರು. ಅವರ ಕೆಲಸದ ಕೊನೆಯ ವರ್ಷಗಳಲ್ಲಿ ನೀಲಿ ರೆಕ್ಕೆಯ ಬಿಳಿ ಮೀನು ಬೇಕಾದಷ್ಟು ಸಿಕ್ಕುತ್ತಿತ್ತಂತೆ. ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಹಳೆಯ ಜಾತಿಯದು ಅಪರೂಪವಾಯಿತು; ಆದರೆ ಸಿಕ್ಕಿದ್ದೆಲ್ಲ ಹಿಂದಿಗಿಂತ ದೊಡ್ಡದು. “ಒಂದೊಂದೂ ಕರು ಇದ್ದಂಗೆ” ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ನಾನೂ ಹೆಮ್ಮೆಯಿಂದಲೇ ಕೇಳಿದೆ.

ಆ ಹೆಮ್ಮೆ ಎಂತಹ ತಪ್ಪೆಂದು ತಿಳಿದದ್ದು ಕಾಲೇಜಿನ ಪುಸ್ತಕಭಂಡಾರದಲ್ಲಿ. ಕಾವೇರಿಯ ಗಾಲಿಬೋರೆಯ ಶಿಬಿರದಲ್ಲಿ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು 1998ರಿಂದ 2012ರವರೆಗೆ ಬರೆದಿಟ್ಟಿದ್ದರು. ಆ ಲೆಕ್ಕವನ್ನು ಪರಿಶೀಲಿಸಿದ ವಿಜ್ಞಾನಿಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೀಲಿ ರೆಕ್ಕೆಯದು ಸಂಖ್ಯೆಯಲ್ಲಿ ಏರಿತ್ತು. ಗೂನು ಬೆನ್ನಿನದು ಸಂಖ್ಯೆಯಲ್ಲಿ ಇಳಿದು, ಸರಾಸರಿ ತೂಕದಲ್ಲಿ ಏರಿತ್ತು. ಇದರ ಅರ್ಥವೇನು? ಮರಿಗಳು ಬೆಳೆದು ಬರುತ್ತಿರಲಿಲ್ಲ. ಗಾಳಕ್ಕೆ ಬೀಳುತ್ತಿದ್ದದ್ದು ಉಳಿದ ಮುದಿ ಮೀನುಗಳು. ಮನೆಯಲ್ಲಿ ಹಿರಿಯರೇ ಕಾಣುತ್ತ ತೊಟ್ಟಿಲು ಬರಿದಾಗಿದ್ದರೆ ಅದನ್ನು ಸಮೃದ್ಧಿಯೆನ್ನಲಾದೀತೆ? ದಾರದ ತುದಿಯಲ್ಲಿ ಎಳೆತ ಹೆಚ್ಚಿದಷ್ಟೂ ಆ ಜಾತಿಯ ಆಯುಷ್ಯ ಕಡಿಮೆಯಾಗುತ್ತಿತ್ತು. ಅದನ್ನು ಹಿಡಿದವರಿಗೆಲ್ಲ ಅದು ಜೀವಮಾನದ ಹೋರಾಟವೆಂದೇ ತೋರಿರಬೇಕು.

ನೀಲಿ ರೆಕ್ಕೆಯ ಮಹಸೀರು ಕಾವೇರಿಗೆ ತಾನಾಗಿ ಬಂದದ್ದಲ್ಲ. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿದ್ದನ್ನು ಮೀನಿನ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದಲೇ ಇಲ್ಲಿ ಬಿಟ್ಟರು. ಮಹಸೀರೆಂದರೆ ಮಹಸೀರು, ಗಾಳಕ್ಕೆ ಸಿಕ್ಕಿ ಎಳೆದರೆ ಸಾಕು ಎಂಬ ಭಾವನೆ ಇದ್ದಾಗ ಎರಡರ ನಡುವಣ ಭೇದ ಯಾರ ಕಣ್ಣಿಗೂ ಬೀಳುವುದಿಲ್ಲ. ಲೋಕವೆಲ್ಲ ಕೊಂಡಾಡಿದ ಗೂನು ಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ನಾಮವೇ ಸರಿಯಾದುದೆಂದು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ನೂರೈವತ್ತು ವರ್ಷ ಅದರ ಬಲವನ್ನು ಹೊಗಳಿದೆವು, ಹೆಸರನ್ನು ಕೇಳಲಿಲ್ಲ!

ಆದುದರಿಂದ ನನ್ನ ಅಭಿಪ್ರಾಯ ಇಷ್ಟೆ. ಮೀನುಗಳ ಬಲಾಬಲವನ್ನು ಹೋಲಿಸಬಾರದೆಂದು ನಾನು ಹೇಳುವುದಿಲ್ಲ. ಹೋಲಿಕೆಯಿಂದಲೇ ಜ್ಞಾನ ಹುಟ್ಟುತ್ತದೆ. ಆದರೆ ಯಾವ ಜಾತಿ, ಎಷ್ಟು ಉದ್ದ, ಎಷ್ಟು ತೂಕ, ಯಾವ ನೀರು, ಎಷ್ಟು ಹೊತ್ತು ಎಂಬುದನ್ನು ಬರೆದಿಡದ ಹೋಲಿಕೆ ಕೇವಲ ಬಡಾಯಿ. ಕಾವೇರಿಯ ದಡದಲ್ಲಿ ಆಡಿದ ಬಡಾಯಿಯೆಲ್ಲ ಹೊಳೆಯ ಪಾಲಾಯಿತು. ಸಂಜೆಯ ಹೊತ್ತು ಬೇಸರಪಡದೆ ಯಾರೋ ಬರೆದಿಟ್ಟ ಲೆಕ್ಕ ಉಳಿದು, ಒಂದು ಜಾತಿಯ ಕಷ್ಟವನ್ನು ಲೋಕಕ್ಕೆ ತಿಳಿಸಿತು. ನಮ್ಮ ಕೆರೆಕಟ್ಟೆಗಳ ಮೀನುಗಳ ವಿಷಯದಲ್ಲಿ ಅಷ್ಟು ಕೆಲಸವನ್ನು ಕಲಾ ವಿಭಾಗದ ವಿದ್ಯಾರ್ಥಿಗಳಾದ ನಾವೂ ಮಾಡಬಹುದು. ಅದಕ್ಕೆ ಪ್ರಯೋಗಶಾಲೆ ಬೇಡ. ಒಂದು ಪುಸ್ತಕ, ಒಂದು ಪೆನ್ಸಿಲು, ಒಂದು ಅಳತೆಪಟ್ಟಿ ಸಾಕು.

ಕಾವೇರಿಯ ಅಭಯಾರಣ್ಯದಲ್ಲಿ ಈಗ ಗಾಳದ ಆಟ ನಿಂತಿದೆ. ದೊಡ್ಡಪ್ಪನವರ ತೆಪ್ಪ ಹಿತ್ತಿಲಲ್ಲಿ ಬೋರಲು ಬಿದ್ದಿದೆ. ಕಳೆದ ಸಲ ಊರಿಗೆ ಹೋದಾಗ ಅವರಿಗೆ ಈ ಲೆಕ್ಕದ ಅರ್ಥವನ್ನು ವಿವರಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಹಂಗಾರೆ ಅವು ಮರಿ ಹಾಕ್ತಾನೇ ಇರ್ನಿಲ್ವಾ?” ಎಂದರು. ಈ ಪ್ರಶ್ನೆಯನ್ನು ಇಪ್ಪತ್ತು ವರ್ಷ ಮೊದಲೇ ಯಾರಾದರೂ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಯಾವ ಮೀನು ಹೆಚ್ಚು ಬಲಶಾಲಿ ಎಂಬುದಕ್ಕಿಂತ ಅದು ನೂರು ಪಾಲು ದೊಡ್ಡ ಪ್ರಶ್ನೆ.