ಹುಟ್ಟಿದ ದಿನ ಒಂದೇ, ಬೆಳೆಯುವ ಲೆಕ್ಕ ಬೇರೆ

ಅವಳಿ ಮಕ್ಕಳಿರುವ ಮನೆಗೆ ಬಂದವರು ಮೊದಲು ಹೆಸರು ಕೇಳುತ್ತಾರೆ. ಆಮೇಲೆ ಕೇಳುವುದು, "ಇಬ್ಬರಲ್ಲಿ ಚುರುಕು ಯಾರು?" ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಲಸಿಕೆಗೆ ಸಾಲು ನಿಂತಾಗ, ಎಲ್ಲೆಲ್ಲೂ ಇದೇ. ಕೇಳುವವರಿಗೆ ಕೆಟ್ಟ ಮನಸ್ಸಿಲ್ಲ. ಆದರೆ ಆ ಹೊತ್ತಿನಲ್ಲಿ, "ಚುರುಕಲ್ಲದ" ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತ ತಾಯಿಯ ಮುಖ ನಾನು ನೋಡಿದ್ದೇನೆ. ಅವಳು ನನ್ನ ಮಗಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊಮ್ಮಕ್ಕಳಲ್ಲಿ ಒಂದು ಹೆಣ್ಣು, ಒಂದು ಗಂಡು. ಮನೆಯವರ ಬಾಯಲ್ಲಿ ಚಿನ್ನಿ ಮತ್ತು ಪುಟ್ಟ. ಹುಟ್ಟಿದ್ದು ಶಿವರಾತ್ರಿಯ ಹೊತ್ತಿಗೆ. ಡಾಕ್ಟರು ಕೊಟ್ಟಿದ್ದ ದಿನ ರಾಮನವಮಿಯ ಆಸುಪಾಸಿನದು. ಅಂದರೆ 34 ವಾರಕ್ಕೆ, ಆರು ವಾರ ಮೊದಲೇ. ಅವಳಿಗಳಲ್ಲಿ ಬಹಳಷ್ಟು ಮಕ್ಕಳು ಹೀಗೆ ದಿನ ತುಂಬುವ ಮೊದಲೇ ಬರುತ್ತವೆ. ಚಿನ್ನಿ ಎರಡು ಕಿಲೋ ದಾಟಿದ್ದಳು, ಪುಟ್ಟ 1.7 ಕಿಲೋ.

ಇಂಥ ಮಕ್ಕಳ ವಯಸ್ಸನ್ನು ಎರಡು ಥರ ಎಣಿಸಬೇಕು. ಲಸಿಕೆಗೆ ಹುಟ್ಟಿದ ತಾರೀಖೇ ಲೆಕ್ಕ. ಆದರೆ ಕತ್ತು ನಿಲ್ಲುವುದು, ಬೋರಲು ಬೀಳುವುದು, ಕೂರುವುದು, ನಡೆಯುವುದು ಇವನ್ನೆಲ್ಲ ನೋಡುವಾಗ ಎರಡು ವರ್ಷದವರೆಗೂ ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಮಕ್ಕಳ ವೈದ್ಯರಿಗೆ ಇದು ಗೊತ್ತಿರುವ ಸಂಗತಿಯೇ. ನಮಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಕಾಗದಗಳ ಕಂತೆಯಲ್ಲಿ ಮಾತ್ರ ಆ ಒಂದು ಸಾಲು ಇರಲಿಲ್ಲ. ಪಕ್ಕದ ಮನೆಯ ಮಗುವನ್ನು ನೋಡಿ ನೋಡಿ ನನ್ನ ಮಗಳು ಕೊರಗಿದಳು. "ಎಂಟು ತಿಂಗಳಾಯ್ತಮ್ಮ, ಪುಟ್ಟ ಇನ್ನೂ ಕೂರ್ತಾ ಇಲ್ಲ" ಎಂದು ಅವಳು ಅತ್ತ ದಿನ, ಸರಿಯಾಗಿ ಎಣಿಸಿದ್ದರೆ, ಪುಟ್ಟನಿಗೆ ಆರೂವರೆ ತಿಂಗಳು. ಆ ವಯಸ್ಸಿನ ಮಗು ಎರಡೂ ಕೈ ಮುಂದೆ ಊರಿ ವಾಲುತ್ತಾ ಕೂತರೆ ಅಷ್ಟೇ ಸಾಕು. ಪುಟ್ಟ ಹಾಗೇ ಕೂರುತ್ತಿದ್ದ. ಒಂದು ಸಾಲು ಬರೆದುಕೊಟ್ಟಿದ್ದರೆ ಅಷ್ಟು ಕಣ್ಣೀರು ಉಳಿಯುತ್ತಿತ್ತು. ಮಗು ಬೇಗ ಹುಟ್ಟಿದ್ದರೆ ಹುಟ್ಟಬೇಕಾಗಿದ್ದ ದಿನವನ್ನು ತಾಯಿ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ, ಆಶಾ ಕಾರ್ಯಕರ್ತೆಯರೂ ಅಂಗನವಾಡಿಯವರೂ ಮನೆಗೆ ಬಂದಾಗ ಅದನ್ನೇ ಹಿಡಿದು ಎಣಿಸಲಿ. ಇದಕ್ಕೆ ಹೊಸ ಯೋಜನೆ ಬೇಡ, ಒಂದು ಪೆನ್ನು ಸಾಕು.

ದಿನ ತುಂಬಿ ಹುಟ್ಟಿದ ಮಕ್ಕಳೂ ಒಂದೇ ಗಡಿಯಾರ ಹಿಡಿದು ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೆಹಲಿಯ ಮಕ್ಕಳನ್ನೂ ಸೇರಿಸಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಆಸರೆಯಿಲ್ಲದೆ ಕೂರುವುದು ನಾಲ್ಕು ತಿಂಗಳಿನಿಂದ ಒಂಬತ್ತು ತಿಂಗಳವರೆಗೆ ಯಾವಾಗಲಾದರೂ ಆಗಬಹುದು. ತಾನೇ ನಡೆಯುವುದು ಎಂಟು ತಿಂಗಳು ದಾಟಿದ ಮೇಲೆ ಶುರುವಾಗಿ ಹದಿನೇಳೂವರೆ ತಿಂಗಳವರೆಗೆ ಹೋಗಬಹುದು. ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲೇ ಇಡುವುದಿಲ್ಲ.

ನಮ್ಮ ಪುಟ್ಟ ಆ ನಾಲ್ವರ ಪೈಕಿ. ಚಿನ್ನಿ ಅಂಬೆಗಾಲಿಟ್ಟು ಹಜಾರದಿಂದ ಅಡುಗೆಮನೆಗೆ ಓಡುತ್ತಿದ್ದರೆ, ಇವನು ಕೂತಲ್ಲಿಂದಲೇ ಒಂದು ಕಾಲು ಮಡಚಿ, ಕುಂಡಿಯ ಮೇಲೆ ಜರುಗುತ್ತಾ ಬರುತ್ತಿದ್ದ. ಹೀಗೆ ಜರುಗುವ ಮಕ್ಕಳು ನಡೆಯುವುದೂ ಸ್ವಲ್ಪ ತಡ. ಬಂದವರ ಕಣ್ಣಿಗೆ ಬಿದ್ದದ್ದು ಇಷ್ಟೇ. ಚಾಪೆಯ ಮೇಲೆ ಚೆಲ್ಲಿದ್ದ ಕಡ್ಲೆಪುರಿಯ ಒಂದೇ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಲ್ಲಿ ಮೊದಲು ಹೆಕ್ಕಿದ್ದು ಪುಟ್ಟ. ಚಿನ್ನಿ ಆಗಿನ್ನೂ ಅಂಗೈಯಲ್ಲಿ ಬಾಚುತ್ತಿದ್ದಳು. ಕಾಳು ಬಾಯಿಗೆ ಹೋಗುವ ಮೊದಲೇ ಕಸಿದುಕೊಂಡೆನಾದರೂ, ಆ ಎರಡು ಬೆರಳು ಕೂಡಿದ ರೀತಿಯನ್ನು ನೋಡಿದ ಸಂತೋಷಕ್ಕೆ ಮಗಳ ಆಫೀಸಿಗೆ ಫೋನು ಮಾಡಿ ಹೇಳಿದೆ.

ನಮ್ಮಲ್ಲಿ ಮಗು ಹೊಸಿಲು ದಾಟಿದ ದಿನ ಹೊಸಿಲ ಮೇಲೆ ತೆಂಗಿನಕಾಯಿ ಒಡೆದು, ಬೆಲ್ಲ ಬೆರೆಸಿ ಹಂಚುತ್ತೇವೆ. ತಿಪಟೂರಿನವರಿಗೆ ಕಾಯಿಗೇನು ಬರ? ಆದರೂ ಚಿನ್ನಿ ದಾಟಿದಾಗ ನಮ್ಮ ಅತ್ತಿಗೆ, "ಅವನೂ ದಾಟಲಿ, ಇಬ್ಬರದೂ ಒಟ್ಟಿಗೇ ಮಾಡಿದ್ರಾಯ್ತು" ಎಂದರು. ನಾನು ಒಪ್ಪಲಿಲ್ಲ. ಹುಟ್ಟುಹಬ್ಬ ಹೇಗೂ ಒಂದೇ, ಬಟ್ಟೆ ಒಂದೇ ಬಣ್ಣದ್ದು, ಹೆಸರೂ ಪ್ರಾಸ ಹೊಂದಿಸಿ ಇಟ್ಟದ್ದು. ಹೊಸಿಲು ದಾಟಿದ್ದಾದರೂ ಅವಳೊಬ್ಬಳ ಗೆಲುವಾಗಿರಲಿ ಎಂದು ಅಂದೇ ಕಾಯಿ ಒಡೆದೆವು. ಪುಟ್ಟ ದಾಟಿದ ದಿನ ಅವನಿಗೇ ಇನ್ನೊಂದು ಕಾಯಿ. ಅದೇ ಅತ್ತಿಗೆ ಬೆಲ್ಲ ತುರಿದುಕೊಟ್ಟರು.

ಇನ್ನು ವಾಕರ್. ಪುಟ್ಟ ಬೇಗ ನಡೆಯಲಿ ಎಂದು ನೆಂಟರೊಬ್ಬರು ಚಕ್ರದ ವಾಕರ್ ತಂದರು. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿನಿಂದ ಉರುಳಿ ತಲೆ ಒಡೆದುಕೊಂಡ ಮಕ್ಕಳಿದ್ದಾರೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು. ಇಲ್ಲಿ ಇನ್ನೂ ಉಡುಗೊರೆಯಾಗಿ ಬರುತ್ತಿದೆ. ದಯವಿಟ್ಟು ಕೊಡಬೇಡಿ.

ಮಾತಿನ ವಿಷಯ ಬೇರೆ. ಇಲ್ಲಿ ದೊಡ್ಡವರು ಮಾಡಬಹುದಾದದ್ದು ನಿಜವಾಗಿಯೂ ಇದೆ. ಮೈಕೆಲ್ ರಟ್ಟರ್, ಕರೆನ್ ಥಾರ್ಪ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಅವಳಿಗಳ ಭಾಷೆ ಒಂಟಿಯಾಗಿ ಹುಟ್ಟಿದ ಮಕ್ಕಳಿಗಿಂತ ಸರಾಸರಿ ಮೂರು ತಿಂಗಳಷ್ಟು ಹಿಂದಿತ್ತು. ಅದಕ್ಕೆ ಹೆರಿಗೆಯ ತೊಡಕುಗಳಿಗಿಂತ ತಾಯಿ ಮತ್ತು ಮಕ್ಕಳ ನಡುವಿನ ಒಡನಾಟದ ರೀತಿಯೇ ಹೆಚ್ಚು ಕಾರಣವೆಂದು ಅವರು ಕಂಡರು. ಎರಡು ಹಸಿದ ಕೂಸುಗಳ ನಡುವೆ ತಾಯಿಗೆ ಒಬ್ಬೊಬ್ಬರ ಜೊತೆ ಕೂತು ಮಾತಾಡಲು ಪುರುಸೊತ್ತು ಎಲ್ಲಿ? ಇದು ತಾಯಿಯ ಮೇಲೆ ಹೊರಿಸುವ ತಪ್ಪಲ್ಲ, ಮನೆಯ ಉಳಿದವರಿಗೆ ಸಿಕ್ಕ ಕೆಲಸ. ಈಗ ಸಂಜೆಯಾದರೆ ತಾತ ಒಬ್ಬರನ್ನು ತೋಟಕ್ಕೆ ಕರೆದೊಯ್ಯುತ್ತಾರೆ, ಇನ್ನೊಬ್ಬರು ನನ್ನ ಜೊತೆ ಅಡುಗೆಮನೆಯಲ್ಲಿ. ಮರುದಿನ ಅದಲು ಬದಲು. ಒಂಟಿಯಾಗಿ ಸಿಕ್ಕಾಗ ಪುಟ್ಟ ಬೇರೆಯೇ ಮಗು. ಅಕ್ಕಿ, ಬೇಳೆ, ಚೊಂಬು, ಎಲ್ಲವನ್ನೂ ಬೆರಳು ಮಾಡಿ ತೋರಿಸಿ, ನಾನು ಹೆಸರು ಹೇಳುವವರೆಗೂ ಬಿಡುವುದಿಲ್ಲ.

ಹಾಗೆಂದು "ಎಲ್ಲ ತಾನಾಗೇ ಬರುತ್ತೆ ಬಿಡಿ" ಎನ್ನುವವರ ಮಾತನ್ನೂ ನಾನು ಕೇಳುವುದಿಲ್ಲ. ಅವಳಿಗಳಲ್ಲಿ ಒಬ್ಬರು ಮುಂದಿದ್ದರೆ ಇನ್ನೊಬ್ಬರಿಗೆ ಸೋಮಾರಿ ಎಂಬ ಹೆಸರು ಬಿದ್ದು, ಅಲ್ಲಿಗೇ ವಿಚಾರಣೆ ಮುಗಿದುಹೋಗುತ್ತದೆ. ಇಬ್ಬರೂ ಹಿಂದೆ ಬಿದ್ದರೆ ಮನೆಯಲ್ಲಿ ಯಾರಿಗೂ ತಿಳಿಯುವುದೇ ಇಲ್ಲ, ಏಕೆಂದರೆ ಇಬ್ಬರೂ ಒಂದೇ ಥರ ಇರುತ್ತಾರೆ. ಸರಿಯಾಗಿ ಎಣಿಸಿದ ವಯಸ್ಸಿನಲ್ಲೂ ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಹದಿನೆಂಟಕ್ಕೂ ನಡೆಯದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತಿದ್ದರೆ, ಕಲಿತದ್ದನ್ನು ಯಾವ ವಯಸ್ಸಿನಲ್ಲೇ ಆಗಲಿ ಮರೆತರೆ, ತೋರಿಸಲೇಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಇದಕ್ಕೆಂದೇ ಕೇಂದ್ರಗಳಿವೆ. ಮಾತು, ಕಿವಿಯ ಅನುಮಾನವಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಕಡಿಮೆ ತೂಕದ ಪುಟ್ಟನ ಕಣ್ಣನ್ನು ತಿಂಗಳು ತುಂಬುವ ಮೊದಲೇ ಪರೀಕ್ಷೆ ಮಾಡಿಸಿದ್ದೆವು. ಅದನ್ನು ಮುಂದೂಡುವಂತಿಲ್ಲ.

ಕೊನೆಗೆ ಸರ್ಕಾರದ ಎಣಿಕೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು, ದೊಡ್ಡ ಕೆಲಸ. ಆದರೆ ಮಗು ಒಂದಾದರೂ ಎರಡಾದರೂ ಅಷ್ಟೇ ವಾರ. ಇಬ್ಬರು ಮಕ್ಕಳಿರುವವರಿಗೆ ಮುಂದಿನ ಹೆರಿಗೆಯಲ್ಲಿ ರಜೆಯನ್ನು 12 ವಾರಕ್ಕೆ ಇಳಿಸುವಾಗ ಮಾತ್ರ ಕಾನೂನು ಅವಳಿಗಳನ್ನು ಎರಡೆಂದೇ ಎಣಿಸುತ್ತದೆ. ನನ್ನ ಮಗಳ ರಜೆಯ ಮೊದಲ ವಾರಗಳು ನವಜಾತ ಶಿಶು ಘಟಕದ ಬಾಗಿಲಲ್ಲೇ ಕಳೆದವು. ಅವಳು ಕೆಲಸಕ್ಕೆ ಮರಳಿದ ದಿನ ಮಕ್ಕಳಿಗೆ ಕ್ಯಾಲೆಂಡರಿನಲ್ಲಿ ಆರು ತಿಂಗಳು, ಬೆಳವಣಿಗೆಯಲ್ಲಿ ನಾಲ್ಕೂವರೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಮಗು ವಾರಕ್ಕಿಂತ ಹೆಚ್ಚು ಕಾಲ ಆಸ್ಪತ್ರೆಯ ಶುಶ್ರೂಷೆಯಲ್ಲಿದ್ದರೆ ಪೋಷಕರಿಗೆ 12 ವಾರದವರೆಗೆ ಹೆಚ್ಚುವರಿ ರಜೆ ಸಿಗುತ್ತದೆ. ನಮ್ಮಲ್ಲೂ ಬೇಗ ಹುಟ್ಟಿದ ಮಕ್ಕಳ ತಾಯಿಗೆ ಆ ಬೇಗ ಬಂದಷ್ಟು ವಾರಗಳನ್ನು ಸೇರಿಸಿ ಕೊಡಬೇಕು. ಜೊತೆಯಲ್ಲಿ ಹುಟ್ಟಿದ ಎರಡನೆಯ ಮಗುವಿನ ಹೆಸರಿನಲ್ಲಿ ಇನ್ನೊಂದಿಷ್ಟು ವಾರ ಕೊಡಬೇಕು.